ಹಾರುತ್ತಲೇ ಒಂದು ಗುಟುಕು

ಇವತ್ತು ಬೆಳಿಗ್ಗೆ ಒಂದು ಕವಲುತೋಕೆ ಹಕ್ಕಿ ನೀರು ಕುಡಿಯುವುದನ್ನು ನೋಡಿದೆ. ಕೂತು ಅಲ್ಲ, ಹಾರುತ್ತಲೇ!

ಕೆರೆಯ ಮೇಲೆ ತೀರಾ ಕೆಳಗೆ ಬಂತು. ಬಾಯಿ ತೆರೆದು ಕೆಳಗಿನ ಕೊಕ್ಕನ್ನಷ್ಟೇ ನೀರಿಗೆ ತಾಗಿಸಿತು. ನೀರಿನ ಮೇಲೆ ಒಂದು ತೆಳು ಗೀರು ಮೂಡಿತು, ಅಷ್ಟೇ. ವೇಗ ಕಮ್ಮಿಯಾದ ಹಾಗೂ ಕಾಣಲಿಲ್ಲ. ಒಂದು ಸುತ್ತು ಹಾಕಿ ಮತ್ತೆ ಬಂತು. ಮತ್ತೆ ಅದೇ ಗೀರು. ಎಷ್ಟು ಹೊತ್ತು ನೋಡಿದರೂ ಸಾಕಾಗಲಿಲ್ಲ.

ಇದರ ಊಟವೂ ಹಾಗೇ ಅಲ್ವಾ? ನೊಣದಂಥ ಹುಳಗಳನ್ನು ಗಾಳಿಯಲ್ಲೇ ಹಿಡಿದು ನುಂಗುತ್ತದೆ. ತೂಕ 20 ಗ್ರಾಂ ಆಸುಪಾಸು. ಅಷ್ಟೇ ಇದ್ದುಕೊಂಡು, ಚಳಿ ಶುರುವಾದರೆ ಉತ್ತರದ ನಾಡುಗಳಿಂದ ಸಾವಿರಾರು ಕಿಲೋಮೀಟರ್ ದಾಟಿ ದಕ್ಷಿಣಕ್ಕೆ ಹೋಗುತ್ತದೆ.

ಹಿಂದೆ ಯುರೋಪಿನಲ್ಲಿ, ಚಳಿಗಾಲದಲ್ಲಿ ಇವು ಕೆರೆಯ ಕೆಸರಿನೊಳಗೆ ಮಲಗಿರುತ್ತವೆ ಅಂತ ನಂಬಿದ್ದವರೂ ಇದ್ದರು. ಎಲ್ಲಿಗೆ ಹೋಗುತ್ತವೆ ಅಂತ ಯಾರಿಗೆ ಗೊತ್ತಿತ್ತು?

1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಒಬ್ಬರು ಒಂದು ಕವಲುತೋಕೆಯ ಕಾಲಿಗೆ ನಂಬರು, ವಿಳಾಸ ಇದ್ದ ಪುಟ್ಟ ಉಂಗುರ ತೊಡಿಸಿ ಬಿಟ್ಟರು. 1912ರ ಡಿಸೆಂಬರ್‌ನಲ್ಲಿ ಅದೇ ಹಕ್ಕಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ, ಒಂದು ತೋಟದ ಮನೆಯಲ್ಲಿ ಸಿಕ್ಕಿತು! ಬ್ರಿಟನ್ನಿನ ಕವಲುತೋಕೆಗಳು ಅಷ್ಟು ದೂರ ಹೋಗುತ್ತವೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಆಗಲೇ.

ಹಕ್ಕಿಯನ್ನು ಹಿಡಿದವರು ಉಂಗುರವನ್ನು ಸುಮ್ನೆ ಎಸೆಯದೆ ಇಂಗ್ಲೆಂಡಿಗೆ ಕಾಗದ ಬರೆದರಲ್ಲ, ಅವರಿಗೆ ದೊಡ್ಡ ನಮಸ್ಕಾರ. ಆ ಕಾಗದದ ಸುದ್ದಿ ತಲುಪಿದ ದಿನ ಉಂಗುರ ತೊಡಿಸಿದವರಿಗೆ ಎಷ್ಟು ಖುಷಿಯಾಗಿರಬೇಕು! ನನಗಂತೂ ಓದಿಯೇ ಮೈ ಜುಮ್ಮೆಂದಿತು.