ಯಾವುದಕ್ಕೆ ನಗ್ಲಿ?

ಭಾನುವಾರ ಅಮ್ಮ ಕೇಳಿದ ಮಾತು ಇದು. ಇವತ್ತು ಶನಿವಾರ. ಇನ್ನೂ ತಲೆಯಿಂದ ಇಳಿದಿಲ್ಲ.

ಅಪ್ಪನ ಬೀರು ಖಾಲಿ ಮಾಡಲು ಕೂತಿದ್ದೆವು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನ ಅದರ ಬಾಗಿಲು ತೆಗೆಯಲು ಅಮ್ಮನಿಗೆ ಮನಸ್ಸಾಗಿರಲಿಲ್ಲ, ಒತ್ತಾಯ ಮಾಡಲು ನನಗೂ ಬಾಯಿ ಬಂದಿರಲಿಲ್ಲ. ಕೆಳಗಿನ ಖಾನೆಯಲ್ಲಿ, ಒಂದು ಸ್ವೆಟರ್ ಒಳಗೆ ಬಚ್ಚಿಟ್ಟ ಹಾಗೆ ಮಡಚಿಟ್ಟ ಬಿಳಿ ಅಂಗಿ ಸಿಕ್ಕಿತು. ಅಮ್ಮ ಬಿಡಿಸಿ ನೋಡಿದಳು. "ಇದು ಕಳೆದೋಯ್ತು ಅಂದಿದ್ರಲ್ಲ ನಿಮ್ಮಪ್ಪ" ಎಂದಳು. ಬಲಗಡೆಯ ತೋಳಿನೊಳಗೆ ಕೈ ಹಾಕಿದಳು. ಕೈ ಆಚೆ ಬರಲಿಲ್ಲ.

ತಿರುಗಿಸಿ ನೋಡಿದರೆ, ತೋಳಿನ ತುದಿಯ ಗುಂಡಿಯನ್ನು ಅಪ್ಪ ತಾವೇ ಹೊಲಿದುಕೊಂಡಿದ್ದಾರೆ. ಎರಡೂ ಪದರ ಸೇರಿಸಿ. ತೋಳಿನ ಬಾಯಿ ಪೂರಾ ಮುಚ್ಚಿಹೋಗಿದೆ. ಏನಿಲ್ಲವೆಂದರೂ ಇಪ್ಪತ್ತು ಸುತ್ತು ದಾರ, ಮೇಲೊಂದು ದಪ್ಪ ಗಂಟು. ಬಿಚ್ಚಲು ಹೋಗಿ ಗಂಟಿನ ಪಕ್ಕ ಬಟ್ಟೆ ಒಂದಿಷ್ಟು ಹರಿದೂ ಇದೆ. ಅಲ್ಲಿಗೆ ಕೈಬಿಟ್ಟು, ಸ್ವೆಟರ್‌ನಲ್ಲಿ ಸುತ್ತಿಟ್ಟು, ಅಂಗಿ ಕಳೆದುಹೋಯಿತು ಎಂದುಬಿಟ್ಟಿದ್ದಾರೆ. ಯಾವ ಕಾಲದಲ್ಲೋ.

ಅಮ್ಮ ನಕ್ಕಳು. ಮೊದಲು ಸದ್ದಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಆಮೇಲೆ ಉಸಿರು ಸಿಗದ ಹಾಗೆ ನಕ್ಕಳು. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು "ಅಯ್ಯೋ ಕಳ್ಳ, ಕಳ್ಳ" ಎನ್ನುತ್ತಾ ನಕ್ಕಳು. ಕಣ್ಣಲ್ಲಿ ನೀರು ಬಂತು. ಈ ನಾಲ್ಕು ವರ್ಷದಲ್ಲಿ ಅವಳು ಹೀಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನನ್ನ ಕೈ ತಾನಾಗಿಯೇ ಫೋನಿಗೆ ಹೋಯಿತು. ಕ್ಯಾಮೆರಾ ತೆಗೆಯುವಷ್ಟರಲ್ಲಿ ನಗು ನಿಂತಿತ್ತು. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಮ್ಮಾ, ಇನ್ನೊಂದ್ಸಲ ನಗು. ವಿಡಿಯೋ ಮಾಡ್ತೀನಿ."

ಅಮ್ಮ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು.

"ಯಾವುದಕ್ಕೆ ನಗ್ಲಿ?"

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ಅದೇ, ಅಂಗಿಗೆ" ಎಂದೆ. ಅಮ್ಮ ಅಂಗಿ ಎತ್ತಿ ಹಿಡಿದು ನಕ್ಕಳು. 14 ಸೆಕೆಂಡಿನ ವಿಡಿಯೋ ಆಯಿತು. ಮನೆಯವರ ಗುಂಪಿಗೆ ಹಾಕಿದೆ. "ಅಪ್ಪನ ಅಂಗಿ ನೋಡಿ ಅಮ್ಮ ನಕ್ಕಿದ್ದು" ಎಂದು ಕೆಳಗೆ ಬರೆದೆ. ಬರೆಯುವಾಗ ಒಳಗೆ ಏನೋ ಚುರುಕ್ಕೆಂದಿತು. ಆದರೂ ಕಳಿಸಿದೆ. ಐದೇ ನಿಮಿಷದಲ್ಲಿ ಎಲ್ಲರೂ ಹೃದಯದ ಚಿತ್ರ ಹಾಕಿದರು. ನನಗೂ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ರಾತ್ರಿ ಮಲಗಿಕೊಂಡು ಆ ವಿಡಿಯೋ ಮತ್ತೆ ಮತ್ತೆ ನೋಡಿದೆ. ತುಟಿ ಅಗಲವಾಗಿದೆ, ಹಲ್ಲು ಕಾಣುತ್ತಿದೆ. ಬೆಳಿಗ್ಗೆ ಕಣ್ಣಿನ ಸುತ್ತ ಬಿದ್ದಿದ್ದ ನೆರಿಗೆಗಳು ಮಾತ್ರ ಇಲ್ಲಿಲ್ಲ. ಕಣ್ಣು ಕ್ಯಾಮೆರಾವನ್ನೂ ನೋಡುತ್ತಿಲ್ಲ, ಅಂಗಿಯನ್ನೂ ನೋಡುತ್ತಿಲ್ಲ. ಸ್ವಲ್ಪ ಮೇಲೆ ಎಲ್ಲೋ ನೋಡುತ್ತಿದೆ. ಆಯ್ತಾ, ಸಾಕಾ ಎಂದು ಕೇಳುವ ಹಾಗೆ.

ಕಣ್ಣಿನ ಈ ಗುಟ್ಟು ಹೊಸದೇನಲ್ಲ. ಗಿಯೋಮ್ ದುಶೆನ್ ಎಂಬ ಫ್ರೆಂಚ್ ವೈದ್ಯ 1862ರಲ್ಲೇ ಇದನ್ನು ಬರೆದಿಟ್ಟಿದ್ದ. ಮುಖದ ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಹರಿಸಿ, ಯಾವ ಸ್ನಾಯು ಯಾವ ಭಾವಕ್ಕೆ ಅಲುಗುತ್ತದೆ ಎಂದು ಫೋಟೋ ತೆಗೆದು ನೋಡುತ್ತಿದ್ದ. ತುಟಿಯ ತುದಿಯನ್ನು ನಾವು ಬೇಕೆಂದಾಗ ಎಳೆಯಬಹುದು. ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ, ಒಳಗೆ ಖುಷಿ ಇದ್ದರೇ ಅದು ಅಲುಗುವುದು ಎಂದ. ಕೆಲವರು ಅದನ್ನೂ ಬೇಕೆಂದೇ ಮಾಡಬಲ್ಲರು ಎಂದು ಆಮೇಲಿನ ಅಧ್ಯಯನಗಳು ಹೇಳಿವೆ. ಅಮ್ಮನಿಗೆ ಆ ಅಭ್ಯಾಸ ಇಲ್ಲ. ನನಗಿದೆ. ನನ್ನ ಇತ್ತೀಚಿನ ಫೋಟೋಗಳಲ್ಲಿ ಕಣ್ಣೂ ನಗುತ್ತದೆ, ಯಾವ ಕಾರಣವೂ ಇಲ್ಲದೆ. ಅದನ್ನು ಕಂಡು ಆ ರಾತ್ರಿ ನನಗೆ ಭಯವಾಯಿತು.

ಮೊದಮೊದಲ ಫೋಟೋಗಳಲ್ಲಿ ಹೆಚ್ಚುಕಡಿಮೆ ಯಾರೂ ನಗುತ್ತಿರಲಿಲ್ಲ, ಅಲ್ವಾ? ಆಗ ಚಿತ್ರ ಮೂಡಲು ತುಂಬಾ ಹೊತ್ತು ಬೇಕಿತ್ತು, ಅಷ್ಟು ಹೊತ್ತು ಅಲುಗದೆ ಕೂರಬೇಕಿತ್ತು. ಆಮೇಲೆ 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾ ತಂದ. ನೂರು ಚಿತ್ರ ತೆಗೆಯುವಷ್ಟು ಫಿಲ್ಮ್ ಒಳಗೇ ಇರುತ್ತಿತ್ತು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕಿತ್ತು. ನೀವು ಗುಂಡಿ ಒತ್ತಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎನ್ನುವುದು ಅದರ ಜಾಹೀರಾತು. ಮುಂದೆ ಅವರ ಜಾಹೀರಾತುಗಳ ತುಂಬ ರಜೆ, ಮಕ್ಕಳು, ನಗುವ ಮನೆಮಂದಿ. ಫಿಲ್ಮ್ ಮಾರಾಟ ಆಗಬೇಕಾದರೆ ಜನರ ಹತ್ತಿರ ಫೋಟೋ ತೆಗೆಯುವಂಥ ಖುಷಿ ಇರಬೇಕು. ಇಲ್ಲದಿದ್ದರೆ ಇರುವ ಹಾಗಾದರೂ ಕಾಣಬೇಕು.

ಅಷ್ಟಕ್ಕೇ ನಿಲ್ಲಲಿಲ್ಲ. ಟಿವಿ ಬಂದ ಶುರುವಿನಲ್ಲಿ, 1950ರ ದಶಕದಲ್ಲಿ, ಅಮೆರಿಕದ ಚಾರ್ಲ್ಸ್ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ ಒಂದು ಪೆಟ್ಟಿಗೆ ಮಾಡಿದ. ಟೈಪ್‌ರೈಟರಿನ ಹಾಗೆ ಕೀಲಿಗಳು. ಒಂದು ಒತ್ತಿದರೆ ಮೆಲ್ಲನೆಯ ನಗು, ಇನ್ನೊಂದು ಒತ್ತಿದರೆ ಜೋರು ನಗು. ಎಂದೋ, ಯಾವುದೋ ಮಾತಿಗೆ ಜನ ನಕ್ಕಿದ್ದನ್ನು ಟೇಪಿನಲ್ಲಿ ಹಿಡಿದಿಟ್ಟು, ಬೇರೆ ಯಾವುದೋ ಮಾತಿಗೆ ಅಂಟಿಸುವುದು. ಆ ಜನ ಏನು ಕೇಳಿ ನಕ್ಕಿದ್ದರೋ, ಅದರ ಸುಳಿವೇ ಆ ಪೆಟ್ಟಿಗೆಯಲ್ಲಿ ಉಳಿದಿರಲಿಲ್ಲ. ಈಗ ನಮ್ಮ ಬೆರಳ ತುದಿಯಲ್ಲೇ ಅಂಥ ಗುಂಡಿಗಳಿವೆ. ಫೇಸ್‌ಬುಕ್ 2009ರಲ್ಲಿ ಲೈಕ್ ತಂದಿತು, 2016ರಲ್ಲಿ ನಗುವ ಮುಖ ತಂದಿತು. ಮುಖದಲ್ಲಿ ಒಂದು ಗೆರೆಯೂ ಅಲುಗದೆ ದಿನಕ್ಕೆ ಎಷ್ಟು ಸಲ ಅದನ್ನು ಒತ್ತುತ್ತೇನೆ!

ಸೋಮವಾರ ಬೆಳಿಗ್ಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನದು ವಿಡಿಯೋ ಮಾಡುವುದೇ ಕೆಲಸ. ಕಂಪನಿಗಳು ಸಾಮಾನು ಕಳಿಸುತ್ತವೆ, ಇವನು ಅದನ್ನು ಬಳಸಿ ತೋರಿಸುತ್ತಾನೆ.

"ಅಕ್ಕಾ, ದೊಡ್ಡಮ್ಮನ ವಿಡಿಯೋ ನೋಡ್ದೆ. ಕಂಟೆಂಟ್ ತುಂಬಾ ಚೆನ್ನಾಗಿದೆ. ಆದ್ರೆ ಲೈಟಿಲ್ಲ. ಕಿಟಕಿ ಹತ್ರ ಕೂರಿಸಿ ಇನ್ನೊಂದ್ಸಲ ಮಾಡು. ಅಂಗೀನ ನಿಧಾನಕ್ಕೆ ಬಿಡಿಸ್ಲಿ. ಜನಕ್ಕೆ ಅಥೆಂಟಿಕ್ ಅನ್ಸತ್ತೆ."

ಅಥೆಂಟಿಕ್. ಅಂದರೆ ಅಸಲಿ, ನಟನೆಯಿಲ್ಲದ್ದು. ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು 2023ಕ್ಕೆ ವರ್ಷದ ಪದವೆಂದು ಆರಿಸಿದ್ದು ಇದನ್ನೇ. ಆ ವರ್ಷ ಅಷ್ಟೊಂದು ಜನ ಅದರ ಅರ್ಥ ಹುಡುಕಿದ್ದರಂತೆ. ನೀರು ಕೊಳಾಯಿಯಲ್ಲಿ ಬರುತ್ತಿರುವಾಗ ನೀರೆಲ್ಲಿ ಎಂದು ಯಾರೂ ಕೇಳುವುದಿಲ್ಲ. ನಿಂತಾಗಲೇ ಕೇಳುವುದು.

ಅವನ ಮೇಲೆ ಆಗ ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಅವನು ಕೆಟ್ಟವನಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಬೆಂಚಿನ ಮೇಲೆ ಮಲಗಿದವನು ಅವನೇ. ಒಂದು ಫೋಟೋ ಕೂಡ ತೆಗೆಯಲಿಲ್ಲ. ಈಗ ಅವನ ಮನೆಗೆ ಹೋದರೆ ಸಂಕಟವಾಗುತ್ತದೆ. ಹಾಲಿನಲ್ಲಿ ಒಂದು ಗೋಡೆಗೆ ಮಾತ್ರ ತಿಳಿಹಸಿರು ಬಣ್ಣ. ಅದರ ಮುಂದೆ ಒಂದು ಕುರ್ಚಿ, ಒಂದು ಗಿಡ, ಉಂಗುರದ ಹಾಗಿರುವ ದೀಪ. ಕ್ಯಾಮೆರಾ ಇಡುವ ಜಾಗದಿಂದ ಹಿಂದಕ್ಕೆ ಬರೀ ರಟ್ಟಿನ ಡಬ್ಬಗಳು, ಸೂರಿನ ತನಕ. ಅವನ ಹೆಂಡತಿ ಆ ಡಬ್ಬಗಳ ನಡುವೆ ಅಡ್ಡಡ್ಡ ನಡೆಯುತ್ತಾಳೆ. ಮಗುವಿನ ಹಾಸಿಗೆಯೂ ಅಲ್ಲೇ. ನೋಡುವವರಿಗೆ ಆ ಹಸಿರು ಗೋಡೆಯೇ ಮನೆ. ಅಲ್ಲಿ ಇರುವವರಿಗೆ ಉಳಿದದ್ದು ಮನೆ.

ವಿಮಾನದ ಗಗನಸಖಿಯರು ಪ್ರಯಾಣಿಕರಿಗೆ ತೋರಿಸುವ ನಗುವೂ ದುಡಿಮೆಯೇ, ಅದಕ್ಕೂ ಮನುಷ್ಯ ದಣಿಯುತ್ತಾನೆ ಎಂದು ಆರ್ಲೀ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲೇ ಬರೆದಿದ್ದರು. ಹಾಗೆ ನಗುತ್ತಾ ನಗುತ್ತಾ, ನನ್ನದು ಯಾವುದು, ಕೆಲಸದ್ದು ಯಾವುದು ಎಂದು ಅವರಿಗೇ ಗೊತ್ತಾಗದೆ ಹೋಗಬಹುದು ಎಂದೂ ಹೇಳಿದ್ದರು. ನಮ್ಮ ಹುಡುಗ ದಿನಕ್ಕೆ ನಾಲ್ಕು ಡಬ್ಬ ತೆರೆದು ನಾಲ್ಕು ಸಲ ಬೆರಗಾಗಬೇಕು. ಕಳೆದ ಸಲ ನಾನೇ ಒಂದು ಉಡುಗೊರೆ ಕೊಟ್ಟೆ. ಡಬ್ಬ ತೆರೆದಾಗ ಅವನ ಹುಬ್ಬು ಮೇಲಕ್ಕೆ ಹೋದ ರೀತಿ ವಿಡಿಯೋದಲ್ಲಿ ಹೋಗುವ ಹಾಗೇ ಇತ್ತು. ಇಷ್ಟ ಆಯಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಚಿಕ್ಕವನಿದ್ದಾಗ ಇಷ್ಟವಾಗದಿದ್ದರೆ ಮೂಗಿನಲ್ಲಿ ಒಂದು ಸದ್ದು ಮಾಡುತ್ತಿದ್ದ. ಆ ಸದ್ದು ಕೇಳಿ ಎಷ್ಟು ವರ್ಷವಾಯಿತು!

ಮಂಗಳವಾರ, ಹಳೆಯ ಬಿಳಿ ಬಟ್ಟೆ ಹಳದಿಯಾಗದ ಹಾಗೆ ಇಡುವುದು ಹೇಗೆ ಎಂದು ಫೋನಿನಲ್ಲಿ ಹುಡುಕಿದೆ. ಅಪ್ಪನ ಅಂಗಿಗೋಸ್ಕರ. ಸಂಜೆಯೊಳಗೆ ಜಾಹೀರಾತು ಬರತೊಡಗಿತು. ನಿಮ್ಮನ್ನು ಅಗಲಿದವರ ಅಂಗಿ ಕಳಿಸಿ, ದಿಂಬು ಮಾಡಿ ಕೊಡುತ್ತೇವೆ. ಒಬ್ಬ ಹೆಂಗಸು ಅಂಥ ದಿಂಬನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ್ದಾಳೆ. ನನಗೆ ಗಂಟಲು ಕಟ್ಟಿತು. ಅಳತೆ ಆರಿಸಿದೆ, ಅಂಚಿನ ಬಣ್ಣ ಆರಿಸಿದೆ, ಹಣ ಕಟ್ಟುವ ಪುಟದ ತನಕ ಹೋದೆ. ಆಗ ಅಮ್ಮನ ದನಿ ಕೇಳಿದ ಹಾಗಾಯಿತು. ಯಾವುದಕ್ಕೆ?

ಆ ಅಂಗಿ ಅಂಗಿಯಾಗಿ ಇರುವುದರಿಂದಲೇ ಅಲ್ಲವೇ ಅದರ ಕಥೆ? ಕತ್ತರಿಸಿ ದಿಂಬು ಮಾಡಿದರೆ ಮುಚ್ಚಿದ ತೋಳು ಎಲ್ಲಿರುತ್ತದೆ? ನನಗೆ ಬೇಕಾಗಿದ್ದು ದಿಂಬಲ್ಲ. ಆ ಹೆಂಗಸಿನ ಮುಖದಲ್ಲಿದ್ದ ಸಮಾಧಾನ. ಅದನ್ನು ಅವರು ಮಾರುತ್ತಿರಲಿಲ್ಲ, ತೋರಿಸುತ್ತಿದ್ದರು ಅಷ್ಟೇ.

ಫೋನ್ ಕೆಳಗಿಟ್ಟು ನನ್ನ ಕೋಣೆಯ ಸಾಮಾನುಗಳನ್ನು ಒಂದೊಂದಾಗಿ ನೋಡಿದೆ. ಮೇಜಿನ ಮೇಲೆ ದಪ್ಪ ಹಾಳೆಯ ಮೂರು ನೋಟ್‌ಬುಕ್. ಮೂರರಲ್ಲೂ ಮೊದಲ ಪುಟದಲ್ಲಿ ತಾರೀಕು, ಅದರ ಕೆಳಗೆ ಒಂದೆರಡು ಸಾಲು, ಆಮೇಲೆ ಖಾಲಿ. ಬೆಳಗಿನ ಬಿಸಿಲಲ್ಲಿ ಕೂತು ಬರೆಯುವ ಹೆಂಗಸರ ವಿಡಿಯೋ ನೋಡಿ ತಂದದ್ದು. ಬರೆಯುವುದಕ್ಕೆ ಅಂತ ತರಲಿಲ್ಲ, ಅವರ ಹಾಗೆ ಆಗುವ ಆಸೆಗೆ ತಂದೆ. ಬಾಗಿಲ ಹತ್ತಿರ ಎರಡು ಸಲ ಅಟ್ಟೆ ಹಾಕಿಸಿದ ಚಪ್ಪಲಿ. ಅದನ್ನು ಯಾವುದಕ್ಕೆ ಎಂದು ಕೇಳಿದರೆ ಉತ್ತರ ತಡವಾಗುವುದಿಲ್ಲ. ನನ್ನ ಕಾಲಿಗೆ ಸರಿಯಾಗುತ್ತದೆ, ಅದಕ್ಕೆ.

ಫೋನ್ ಎಸೆದು, ಜಾಹೀರಾತೇ ಇಲ್ಲದ ಕಡೆ ಹೋಗಿ ಬದುಕಿದರೆ ಮಾತ್ರ ನಾವು ನಾವಾಗಿರುತ್ತೇವೆ ಎಂದು ನಾನು ನಂಬುವುದಿಲ್ಲ. ಆಸೆಗಳೆಲ್ಲ ನಮ್ಮೊಳಗೇ ಹುಟ್ಟಬೇಕು ಎನ್ನುವುದೂ ಆಗದ ಮಾತು. ಓದುವ ಆಸೆ ನನಗೆ ಬಂದಿದ್ದು ಅಪ್ಪನನ್ನು ನೋಡಿ. ಯಾರನ್ನೋ ನೋಡಿಯೇ ಎಲ್ಲವನ್ನೂ ಕಲಿಯುತ್ತೇವೆ. ಆದರೆ ಅಪ್ಪ ಓದುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದೇನೆ ಎಂಬ ಪರಿವೆಯೇ ಅವರಿಗಿರಲಿಲ್ಲ. ನನ್ನನ್ನು ಕಾಡುವುದು ಈ ವ್ಯತ್ಯಾಸ. ನೋಡುವವರು ಇದ್ದಾರೆಂದು ಗೊತ್ತಾದ ತಕ್ಷಣ ಕಾರಣ ಜಾರಿಹೋಗುತ್ತದೆ, ನಗು ಮಾತ್ರ ಉಳಿಯುತ್ತದೆ. ನಾನು ಅಮ್ಮನಿಂದ ಕೇಳಿದ್ದೂ ಅದನ್ನೇ. ಅಪ್ಪನಿಲ್ಲದ, ಅಂಗಿಯಿಲ್ಲದ, ಬರೀ ನಗು.

ಗುರುವಾರ ರಾತ್ರಿ ಅಮ್ಮನೇ ಕೇಳಿದಳು. "ಅವತ್ತು ಏನೋ ತೆಗೆದ್ಯಲ್ಲ, ತೋರ್ಸು."

ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, 14 ಸೆಕೆಂಡನ್ನೂ ನೋಡಿದಳು. ನಾನು ಕೆಳಗೆ ಬರೆದ ಸಾಲನ್ನೂ ಓದಿದಳು.

"ಅಂಗಿ ನೋಡಿ ಎಲ್ಲಿ ನಕ್ಕೆ ಇಲ್ಲಿ?" ಎಂದಳು. "ನಿನ್ನ ನೋಡಿ ನಗ್ತಿದೀನಿ. ಅಷ್ಟು ಆಸೆಯಿಂದ ಹಿಡ್ಕೊಂಡು ನಿಂತಿದ್ಯಲ್ಲ ಮಗೂ, ಅದಕ್ಕೆ."

ಮತ್ತೆ ನೋಡಿದೆ. ಹೌದು. ಕ್ಯಾಮೆರಾಕ್ಕಿಂತ ಸ್ವಲ್ಪ ಮೇಲೆ ಇದ್ದದ್ದು ನನ್ನ ಮುಖ. ನಾನು ಕಾರಣವಿಲ್ಲದ ನಗು ಕೇಳಿದ್ದೆ. ಅಮ್ಮನಿಗೆ ಹಾಗೆ ನಗಲು ಬಂದಿಲ್ಲ. ಸುತ್ತ ಹುಡುಕಿ, ನನ್ನನ್ನೇ ಕಾರಣ ಮಾಡಿಕೊಂಡಿದ್ದಾಳೆ. ಐದು ದಿನ ನಾನು ಅದನ್ನು ಸುಳ್ಳು ನಗು ಎಂದುಕೊಂಡಿದ್ದೆ. ಸುಳ್ಳಾಗಿದ್ದದ್ದು ನಾನು ಬರೆದ ಸಾಲು.

ಆಗಲೇ ಗುಂಪಿನಲ್ಲಿ ಬರೆದೆ. "ಇದು ಅಪ್ಪನ ಅಂಗಿ ನೋಡಿ ನಕ್ಕಿದ್ದಲ್ಲ. ಆ ನಗು ವಿಡಿಯೋದಲ್ಲಿ ಸಿಗಲಿಲ್ಲ. ಇದು ನಾನು ನಗು ಅಂದಿದ್ದಕ್ಕೆ, ನನ್ನ ನೋಡಿ ನಕ್ಕಿದ್ದು." ಹೆಚ್ಚಿನವರು ಏನೂ ಹೇಳಲಿಲ್ಲ. ನಿನ್ನೆ ಸಂಜೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಲೈಟಿನ ಮಾತು ಎತ್ತಲಿಲ್ಲ.

"ಅಕ್ಕಾ, ಆ ಅಂಗಿ ಏನಾಗಿತ್ತು ಸರಿಯಾಗಿ ಹೇಳು."

ಹೇಳಿದೆ. ಬೀರು, ಸ್ವೆಟರ್, ಕಳೆದುಹೋಯಿತು ಎಂದ ಸುಳ್ಳು, ಆಚೆ ಬಾರದ ಕೈ, ಗಂಟು, ಹರಿದ ಬಟ್ಟೆ. ಅವನು ಸುಮ್ಮನೆ ಕೇಳಿಸಿಕೊಂಡ.

"ಅಂಗಿ ಬಿಳೀದು ಅಲ್ವಾ?" ಎಂದ. "ದಾರ?"

"ಕಪ್ಪು" ಎಂದೆ.

ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಮೂಗಿನಲ್ಲಿ ಒಂದು ಸದ್ದು. "ಅಯ್ಯೋ ದೊಡ್ಡಪ್ಪಾ" ಎಂದ. ಅದರಾಚೆ ಅವನಿಗೆ ಮಾತಾಡಲು ಆಗಲಿಲ್ಲ. ಫೋನನ್ನು ಹಾಗೇ ಕಿವಿಗೆ ಹಿಡಿದುಕೊಂಡು ನಿಂತಿದ್ದೆ.