ಏಣು ತೆಗೆಯುವ ಉಪಕರಣ ಮತ್ತು ಅದರ ಮಸೆತ

ಚರ್ಮದ ಕೆಲಸವನ್ನು ಹವ್ಯಾಸವಾಗಿ ಕೈಗೆತ್ತಿಕೊಂಡ ಹೊಸತರಲ್ಲಿ ಭಾವನಿಗೆಂದು ಒಂದು ಬೆಲ್ಟ್ ಮಾಡಿದ್ದೆ. ಪಟ್ಟಿ ಕತ್ತರಿಸಿ, ತೂತುಗಳನ್ನು ಹೊಡೆದು, ಅಂಚಿನ ಏಣು, ಅಂದರೆ ಅದರ ಚೂಪಾದ ಮೂಲೆಯನ್ನು ತೆಗೆಯಲು ಕುಳಿತೆ. ಅದಕ್ಕೆಂದು ತರಿಸಿದ್ದ ಉಪಕರಣವನ್ನು ಡಬ್ಬಿಯಿಂದ ಹೊರತೆಗೆದದ್ದು ಅದೇ ದಿನ. ಮೊದಲ ಒಂದು ಗೇಣಿನಷ್ಟು ಚರ್ಮ ಪುಡಿಪುಡಿಯಾಗಿ ಉದುರಿತು. ಆಮೇಲೆ ಅಲಗು ಸಿಕ್ಕಿಕೊಂಡು ನಿಂತಿತು. ಬಲ ಹಾಕಿ ನೂಕಿದಾಗ ಜಾರಿ, ಬಕಲ್ಲಿಗೆ ಇನ್ನು ನಾಲ್ಕು ಬೆರಳು ಇರುವಲ್ಲಿ ಮೇಲ್ಮೈಯೊಳಗೆ ಇಳಿದು ಉಗುರಿನಿಂದ ಗೀರಿದಂಥ ಕುಳಿಯನ್ನು ಉಳಿಸಿತು. ಕೈ ಪಳಗಿಲ್ಲವೆಂದು ನನ್ನನ್ನೇ ಬೈದುಕೊಂಡೆ. ಹೊಸ ಉಪಕರಣವೂ ಮೊಂಡಾಗಿರಬಹುದು, ಅಂಗಡಿಯಿಂದ ಬಂದ ಅಲಗನ್ನು ನಾವೇ ಮಸೆದುಕೊಳ್ಳಬೇಕಾಗುತ್ತದೆ ಎಂಬ ಸರಳ ಸಂಗತಿ ತಿಳಿಯಲು ನನಗೆ ಇನ್ನೂ ಎರಡು ಬೆಲ್ಟುಗಳು ಬೇಕಾದವು.

ಎಡ್ಜ್ ಬೆವೆಲರ್ ಎಂದು ಕರೆಯುವ ಈ ಉಪಕರಣ ನೋಡಲು ಒಂದು ಮರದ ಹಿಡಿ, ಅದರಿಂದ ಹೊರಟ ಉಕ್ಕಿನ ಕಡ್ಡಿ, ಕಡ್ಡಿಯ ತುದಿಯಲ್ಲಿ ಸಣ್ಣ ಕವಲು, ಇಷ್ಟೇ. ಕವಲಿನ ಒಂದು ಕಾಲು ಚರ್ಮದ ಮೇಲ್ಮೈಯ ಮೇಲೂ ಇನ್ನೊಂದು ಅಂಚಿನ ಗೋಡೆಯ ಮೇಲೂ ಒರಗಿ ಸಾಗುತ್ತವೆ. ನಡುವಿನ ಅಲಗು ಆ ಎರಡೂ ಸೇರುವ ಏಣನ್ನು ಮಾತ್ರ ದಾರದಂತೆ ಸುಲಿದು ತೆಗೆಯುತ್ತದೆ. ನಮ್ಮಲ್ಲಿ ಪಾದರಕ್ಷೆ ಮಾಡುವವರು ಚರ್ಮ ಕತ್ತರಿಸುವ ರಂಪಿಗೆಯೊಂದರಿಂದಲೇ ಈ ಕೆಲಸವನ್ನು ಮಾಡಿ ಮುಗಿಸುವುದನ್ನು ನೋಡಿದ್ದೇನೆ. ವರ್ಷಗಟ್ಟಲೆ ಪಳಗಿದ ಕೈಗೆ ಕವಲಿನ ಆಸರೆ ಬೇಕಿಲ್ಲ. ನನ್ನಂಥವರಿಗೆ ಬೇಕು. ಏಣನ್ನು ತೆಗೆಯದೆ ಬಿಟ್ಟ ಅಂಚನ್ನು ಎಷ್ಟೇ ಉಜ್ಜಿದರೂ ಅದು ದುಂಡಗಾಗುವುದಿಲ್ಲ, ಬದಲಿಗೆ ಅಣಬೆಯ ಕೊಡೆಯಂತೆ ಎರಡೂ ಕಡೆಗೆ ಹೊರಚಾಚಿಕೊಳ್ಳುತ್ತದೆ.

ಆರಿಸುವಾಗ ಮೊದಲು ಎದುರಾಗುವುದು ನಂಬರಿನ ಗೊಂದಲ. ನಂಬರ್ ಹೆಚ್ಚಿದಂತೆ ಸುಲಿಯುವ ಅಗಲವೂ ಹೆಚ್ಚುತ್ತದೆ ಎಂಬುದಷ್ಟೇ ಸಾಮಾನ್ಯ ನಿಯಮ. ಒಬ್ಬ ತಯಾರಕರ 2 ಇನ್ನೊಬ್ಬರ 2ಕ್ಕೆ ಸಮವಾಗಿರಬೇಕೆಂದಿಲ್ಲ. ಹಾಗಾಗಿ ನಾನು ನಂಬರನ್ನು ಬಿಟ್ಟು ಮಿಲಿಮೀಟರಿನಲ್ಲಿ ಯೋಚಿಸುತ್ತೇನೆ. ಪಾಶ್ಚಾತ್ಯ ಅಂಗಡಿಗಳು ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತವೆ. ಒಂದು ಔನ್ಸ್ ಎಂದರೆ ಇಂಚಿನ 64ನೇ ಒಂದು ಭಾಗ, ಹೆಚ್ಚುಕಡಿಮೆ 0.4 ಮಿ.ಮೀ.; ಬೆಲ್ಟಿಗೆ ಬಳಸುವ 8 ಔನ್ಸ್ ಚರ್ಮ ಸುಮಾರು 3.2 ಮಿ.ಮೀ. ಇರುತ್ತದೆ. ಅದರ ಎರಡೂ ಮಗ್ಗುಲಿನಿಂದ ಒಂದೊಂದು ಮಿ.ಮೀ. ತೆಗೆದರೆ ನಡುವೆ 1.2 ಮಿ.ಮೀ. ಚಪ್ಪಟೆ ಭಾಗ ಉಳಿದು, ಉಜ್ಜಿದಾಗ ಅದು ಚೆಂದವಾಗಿ ದುಂಡಗಾಗುತ್ತದೆ. ಅದೇ ಉಪಕರಣವನ್ನು 1.2 ಮಿ.ಮೀ. ದಪ್ಪದ ಪರ್ಸಿನ ಚರ್ಮಕ್ಕೆ ಹಿಡಿದರೆ ಅಂಚು ಬ್ಲೇಡಿನಂತಾಗಿ ಸುರುಟಿಕೊಳ್ಳುತ್ತದೆ. ಪರ್ಸಿಗೆ ಅತಿ ಸಣ್ಣ ಅಳತೆಯದು ಬೇಕು, ಅದನ್ನೂ ಪದರಗಳನ್ನು ಅಂಟಿಸಿ ಹೊಲಿದ ಮೇಲೆಯೇ ಬಳಸಬೇಕು. ಐದು ಅಳತೆಗಳ ಸೆಟ್ಟನ್ನು ಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಈಗ ಅವುಗಳಲ್ಲಿ ಮೂರು ಡ್ರಾಯರಿನಲ್ಲಿಯೇ ಮಲಗಿವೆ. ಸಣ್ಣದೊಂದು, ಬೆಲ್ಟಿಗೊಂದು, ಎರಡೇ ಸಾಕು.

ನಂಬರಿಗಿಂತ ಮುಖ್ಯವಾದದ್ದು ತಳದ ಆಕಾರ. ಕೆಲವದರ ತಳ ಚಪ್ಪಟೆ. ಅವು ಏಣನ್ನು ಓರೆಯಾಗಿ, ನೇರ ಇಳಿಜಾರಿನಂತೆ ಕತ್ತರಿಸುತ್ತವೆ. ಇನ್ನು ಕೆಲವದರ ತಳದಲ್ಲಿ ಉದ್ದಕ್ಕೂ ಸಣ್ಣ ತಗ್ಗು ಇದ್ದು, ಅವು ಅಂಚನ್ನು ಕತ್ತರಿಸುವಾಗಲೇ ದುಂಡಗೆ ಮಾಡುತ್ತವೆ. ಅಮೆರಿಕದಲ್ಲಿ 1826ರಲ್ಲಿ ಆರಂಭವಾದ ಸಿ.ಎಸ್. ಆಸ್‌ಬಾರ್ನ್‌ನಂಥ ಹಳೆಯ ಸಂಸ್ಥೆಗಳು ಈ ಬಗೆಯ ಉಪಕರಣಗಳನ್ನು ಇಂದಿಗೂ ಮಾರುತ್ತಿವೆ. ತಗ್ಗುತಳದ್ದು ಕೆಲಸದಲ್ಲಿ ಸುಖ, ಮಸೆಯುವುದಕ್ಕೆ ತುಸು ಕಷ್ಟ. ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಚಪ್ಪಟೆ ತಳದ್ದನ್ನೇ ಹೇಳುತ್ತೇನೆ. ಕೊಳ್ಳುವಾಗ ಭೂತಗನ್ನಡಿ ಹಿಡಿದು ನೋಡಬೇಕಾದದ್ದು ಹಿಡಿಯ ಮರವನ್ನಲ್ಲ, ಕವಲಿನ ಎರಡು ಕಾಲುಗಳು ಒಂದೇ ಉದ್ದವಿವೆಯೇ, ಅಲಗಿನ ತಳದಲ್ಲಿ ಅರದ ಗೆರೆಗಳು ಉಳಿದಿವೆಯೇ ಎಂಬುದನ್ನು. ಗೆರೆಗಳಿದ್ದರೆ ಅಲಗು ಸೂಕ್ಷ್ಮ ಗರಗಸದಂತೆ ನಾರನ್ನು ಹರಿಯುತ್ತದೆ.

ಚರ್ಮದ ಹದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತೊಗಟೆ, ಕಾಯಿಗಳಿಂದ ಹದ ಮಾಡಿದ ಗಟ್ಟಿ ಚರ್ಮ ಅಲಗಿಗೆ ಎದುರು ನಿಲ್ಲುತ್ತದೆ, ಆದ್ದರಿಂದ ಚೊಕ್ಕಟವಾಗಿ ಕತ್ತರಿಸಿಕೊಳ್ಳುತ್ತದೆ. ಕ್ರೋಮಿನಲ್ಲಿ, ಅಂದರೆ ಕ್ರೋಮಿಯಂ ಲವಣದಲ್ಲಿ, ಹದ ಮಾಡಿದ ಮೆತ್ತನೆಯ ಚರ್ಮ ಅಲಗಿನ ಮುಂದೆ ನೆರಿಗೆಗಟ್ಟಿ ಸರಿಯುತ್ತದೆ. ಅದಕ್ಕೆ ಈ ಉಪಕರಣವನ್ನು ಹಿಡಿಯುವುದಕ್ಕಿಂತ ಅಂಚನ್ನು ಮಡಚಿ ಹೊಲಿಯುವುದು ಮೇಲು. ಗಟ್ಟಿ ಚರ್ಮವನ್ನೂ ಒದ್ದೆ ಸ್ಪಂಜಿನಿಂದ ಅಂಚಿನಲ್ಲಿ ಒಮ್ಮೆ ಸವರಿ, ಮೇಲ್ಮೈಯ ತೇವ ಆರಿ ಬಣ್ಣ ಮತ್ತೆ ತಿಳಿಯಾಗತೊಡಗಿದಾಗ ಕೆಲಸ ಆರಂಭಿಸಿದರೆ ಅಲಗು ಸಲೀಸಾಗಿ ಓಡುತ್ತದೆ. ಇಲ್ಲೊಂದು ಎಚ್ಚರಿಕೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದುದು ಹಲವರಿಗೆ ಗೊತ್ತಿರುತ್ತದೆ. ಇಂಥ ಚರ್ಮದಲ್ಲಿರುವುದೂ ಅದೇ ಜಾತಿಯ ಒಗರು. ಅಲಗಿಗೆ ತುಕ್ಕು ಹಿಡಿದಿದ್ದರೆ ಒದ್ದೆ ಅಂಚಿನುದ್ದಕ್ಕೂ ನೀಲಿಗಪ್ಪು ಚುಕ್ಕೆಗಳು ಮೂಡುತ್ತವೆ, ಅವನ್ನು ತೆಗೆಯುವುದು ಸುಲಭವಲ್ಲ.

ಬಳಸುವ ರೀತಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಚರ್ಮ ಮೇಜಿನ ಅಂಚಿಗೆ ಸಮನಾಗಿ ಮಲಗಿರಬೇಕು, ಉಪಕರಣವನ್ನು ಸುಮಾರು 30ರಿಂದ 45 ಡಿಗ್ರಿ ಓರೆಯಲ್ಲಿ ಹಿಡಿದು ನಮ್ಮಿಂದ ದೂರಕ್ಕೆ ನೂಕಬೇಕು, ಎಡಗೈ ಅಲಗಿನ ಹಿಂದೆಯೇ ಇರಬೇಕು, ತಿರುವುಗಳಲ್ಲಿ ಮಣಿಕಟ್ಟನ್ನು ತಿರುಗಿಸುವ ಬದಲು ಚರ್ಮವನ್ನೇ ತಿರುಗಿಸಬೇಕು. ಒಂದೇ ಓರೆ ಉಳಿದರೆ ಕೆಲಸ ಸರಿ; ಓರೆ ಹೆಚ್ಚಾದರೆ ಅಲಗು ಆಳಕ್ಕೆ ಇಳಿಯುತ್ತದೆ, ಕಡಿಮೆಯಾದರೆ ಹಿಡಿತ ತಪ್ಪಿ ಜಾರುತ್ತದೆ.

ಇನ್ನು ಮಸೆತ. ಅಲಗು ಹರಿತವಾಗಿದೆಯೇ ಎಂಬುದನ್ನು ಬೆರಳಿನಿಂದ ನೋಡಲು ಬರುವುದಿಲ್ಲ, ಅದು ಕವಲಿನ ಸಂದಿನಲ್ಲಿ ಅಡಗಿರುತ್ತದೆ. ತುಂಡು ಚರ್ಮವೊಂದರ ಮೇಲೆ ಓಡಿಸಿದಾಗ ಶಾವಿಗೆಯ ಎಳೆಯಂಥ ಒಂದೇ ಸುರುಳಿ ಕಡಿಯದೆ ಬಂದರೆ ಹರಿತವಿದೆ, ಪುಡಿ ಬಂದರೆ ಇಲ್ಲ. ಚಪ್ಪಟೆ ತಳದ್ದಾದರೆ 1000 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಬಳಸುವ ಉಜ್ಜುಕಾಗದ) ಗಾಜಿನ ತುಂಡಿನ ಮೇಲೆ ಹಾಸಿ, ನೀರು ಹನಿಸಿ, ತಳವನ್ನು ಪೂರ್ತಿ ಒರಗಿಸಿ ಹಿಂದಕ್ಕೆ ಮಾತ್ರ ಎಳೆಯಬೇಕು. ಮುಂದಕ್ಕೆ ನೂಕಿದರೆ ಅಲಗು ಕಾಗದವನ್ನೇ ಸೀಳುತ್ತದೆ, ತಾನೂ ಮೊಂಡಾಗುತ್ತದೆ. ಹತ್ತು ಎಳೆತಗಳ ಬಳಿಕ 2000ಕ್ಕೆ ಹೋಗಬೇಕು. ತಳವನ್ನು ಉಜ್ಜಿದಾಗ ಲೋಹದ ಅತಿ ಸಣ್ಣ ಎಳೆಯೊಂದು ಮೇಲ್ಗಡೆಯ ಸಂದಿಗೆ ಮಗುಚಿಕೊಳ್ಳುತ್ತದೆ. ಅದು ಉಳಿದರೆ ಅಷ್ಟು ಹೊತ್ತಿನ ಶ್ರಮವೂ ವ್ಯರ್ಥ. ಅದನ್ನು ತೆಗೆಯಲು ನಾನು ಮೇಣದ ದಪ್ಪ ದಾರವೊಂದನ್ನು ಕಿಟಕಿಯ ಎರಡು ಸರಳುಗಳ ನಡುವೆ ಬಿಗಿಯಾಗಿ ಕಟ್ಟಿ, ಲೋಹಕ್ಕೆ ಹೊಳಪು ಕೊಡಲು ಬಳಸುವ ಹಸಿರು ಪಾಲಿಶ್ ಸೋಪನ್ನು ಅದಕ್ಕೆ ತಿಕ್ಕಿ, ಕವಲಿನ ಸಂದಿಯನ್ನು ಆ ದಾರದ ಮೇಲೆ ಕೂರಿಸಿ ಇಪ್ಪತ್ತು ಬಾರಿ ಹಿಂದಕ್ಕೆ ಎಳೆಯುತ್ತೇನೆ. ಹಸಿರು ದಾರ ಕಪ್ಪಾಗತೊಡಗಿದರೆ ಲೋಹ ಬಿಡುತ್ತಿದೆ ಎಂದರ್ಥ. ಮೇಲ್ಗಡೆ ಇಷ್ಟೇ ಸಾಕು. ಅಲ್ಲಿ ಅರವನ್ನೋ ಒರಟು ಕಾಗದವನ್ನೋ ಆಡಿಸಿದರೆ ಕವಲಿನ ಆಕಾರವೇ ಕೆಡುತ್ತದೆ.

ತಗ್ಗುತಳದ್ದನ್ನು ಚಪ್ಪಟೆ ಕಲ್ಲಿಗೆ ಹಿಡಿಯುವಂತಿಲ್ಲ. ಆ ತಗ್ಗಿಗೆ ಸರಿಹೊಂದುವ ಉಬ್ಬು ಬೇಕು, ಅದನ್ನು ಆ ಉಪಕರಣವೇ ಮಾಡಿಕೊಡುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ದಪ್ಪ, ಗಟ್ಟಿ ಚರ್ಮದ ಒಂದು ಗೇಣುದ್ದದ ತುಂಡನ್ನು ತೆಗೆದುಕೊಂಡು, ಅಲಗು ಇನ್ನೂ ಹರಿತವಾಗಿರುವಾಗಲೇ ಅದೇ ಉಪಕರಣದಿಂದ ಏಣು ತೆಗೆದು, ನೀರು ಸವರಿ ಉಜ್ಜಿ ಗಟ್ಟಿಮಾಡಿ, ಒಣಗಿದ ಮೇಲೆ ಹಸಿರು ಸೋಪು ಹಚ್ಚಬೇಕು. ಆ ದುಂಡು ಅಂಚು ತಳದ ತಗ್ಗಿನಲ್ಲಿ ಬೀಗಕ್ಕೆ ಕೀಲಿ ಕೂತಂತೆ ಕೂರುತ್ತದೆ. ಅಲಗು ಪೂರ್ತಿ ಹೋಗಿದ್ದರೆ ಮಾತ್ರ ತಗ್ಗಿಗಿಂತ ತುಸು ಸಪೂರವಾದ ತಂತಿಗೆ ವಾಟರ್ ಪೇಪರ್ ಸುತ್ತಿ ಮೊದಲು ಅದರ ಮೇಲೆ ಎಳೆಯಬೇಕಾಗುತ್ತದೆ. ಆ ಗತಿ ಬಾರದಂತೆ ಪ್ರತಿ ಬೆಲ್ಟಿಗೆ ಮೊದಲು ಹತ್ತು ಎಳೆತ, ಮುಗಿದ ಮೇಲೆ ಹತ್ತು ಎಳೆತ ಎಂದು ಅಭ್ಯಾಸ ಮಾಡಿಕೊಂಡಿದ್ದೇನೆ.

ಭಾವ ಆ ಬೆಲ್ಟನ್ನು ಈಗಲೂ ಕಟ್ಟುತ್ತಾರೆ. ಕುಳಿ ಬಿದ್ದಿರುವ ಜಾಗ ಪ್ಯಾಂಟಿನ ಮೊದಲ ಲೂಪಿನ ಅಡಿಯಲ್ಲಿ ಮರೆಯಾಗುತ್ತದೆ. ಮಳೆಗಾಲದಲ್ಲಿ ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಿ, ತುದಿಯನ್ನು ಬೆಂಡಿನ ತುಂಡಿಗೆ ಚುಚ್ಚಿ ಇಡುತ್ತೇನೆ. ಬಳಸುವ ಮೊದಲು ಆ ಎಣ್ಣೆಯನ್ನು ಒರೆಸಲು ಮರೆತರೆ ಚರ್ಮಕ್ಕೆ ಜಿಡ್ಡಿನ ಕಲೆ ಬೀಳುತ್ತದೆ, ಆದ್ದರಿಂದ ಒರೆಸುವ ಬಟ್ಟೆಯನ್ನೂ ಅದೇ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದೇನೆ.