ಬ್ಯಾಣದಲ್ಲೊಂದು ಹೊಸ ಬರಣ: ಮನೆಯ ಸೆಪ್ಟಿಕ್ ಟ್ಯಾಂಕ್ ಕೆಲಸದ ಟಿಪ್ಪಣಿಗಳು

ಕೊನೆಕೊಯ್ಲು ಮುಗಿದ ವಾರ

ಕೆಲಸ ಏನೆಂದು ಮೊದಲು ಬರೆದಿಡುತ್ತೇನೆ: ಶೌಚಾಲಯದ ಹಳೆಯ ಗುಂಡಿ ಬಿಟ್ಟು ಹೊಸ ಸೆಪ್ಟಿಕ್ ಟ್ಯಾಂಕ್ ಕಟ್ಟಿಸುವುದು. ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಗೆ ಈಗ ಇರುವುದು ಅಪ್ಪಯ್ಯ ಯಜಮಾನಿಕೆ ವಹಿಸಿಕೊಂಡ ಹೊಸತರಲ್ಲಿ ತೋಡಿಸಿದ ಒಂದೇ ಗುಂಡಿ. ಸುತ್ತ ಗಾರೆಯಿಲ್ಲದೆ ಜೋಡಿಸಿದ ಚಿರೆಕಲ್ಲು, ತಳ ಬರಿಯ ಮಣ್ಣು, ಮೇಲೆ ಕಾಂಕ್ರೀಟ್ ಚಪ್ಪಡಿ. ಇಷ್ಟು ವರ್ಷವಾದರೂ ತುಂಬಿಲ್ಲವೆಂದು ಮನೆಯಲ್ಲಿ ಅದಕ್ಕೆ ಒಳ್ಳೆಯ ಹೆಸರು. ತುಂಬದೆ ಅದೆಲ್ಲ ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. ಬೇಸಿಗೆಯಲ್ಲಿ ನೆಲ ಕುಡಿಯುತ್ತದೆ. ಆಷಾಢದಲ್ಲಿ ನೆಲದ ನೀರೇ ಗುಂಡಿಯೊಳಗೆ ಏರುತ್ತದೆ. ಆಗ ಒಂದು ಬಾಲ್ದಿ ನೀರು ಹೊಯ್ದರೆ ಅದು ಇಳಿಯುವವರೆಗೆ ಕಾಯುತ್ತ ನಿಲ್ಲಬೇಕು. ಬಾವಿ ಅಲ್ಲಿಂದ ನಲವತ್ತಡಿ ಕೂಡ ಇಲ್ಲ, ಅದೂ ಗುಂಡಿಗಿಂತ ತಗ್ಗಿನಲ್ಲಿ.

ನೀರು ಪರೀಕ್ಷೆಯ ಚಿಕ್ಕ ಬಾಟಲಿ ಸಿಗುತ್ತದಲ್ಲ, ಗೆರೆಯವರೆಗೆ ನೀರು ತುಂಬಿಸಿ ಮುಚ್ಚಿಟ್ಟರೆ ಒಂದೆರಡು ದಿನದಲ್ಲಿ ಬಣ್ಣ ಹೇಳುವಂಥದು, ಅದನ್ನು ತಂದು ಬಾವಿಯ ನೀರು ತುಂಬಿಸಿ ಕಪಾಟಿನ ಮೇಲಿಟ್ಟೆ. ಮಲದೊಂದಿಗೆ ಬರುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸಿದರೆ ಒಳಗಿನ ಕಾಗದದ ಪಟ್ಟಿಯೂ ನೀರೂ ಕಪ್ಪಾಗುತ್ತವೆ. ಮಾರನೆಯ ಸಂಜೆಗೆ ಬಾಟಲಿ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ‘ಇದೇ ನೀರು ಕುಡಿದು ನನಗೆ ಎಪ್ಪತ್ತಾಯಿತು’ ಎಂದರು ಅಪ್ಪಯ್ಯ. ಆಯಿ ಮಾತಾಡಲಿಲ್ಲ, ಕುಡಿಯುವ ನೀರಿನ ಹಂಡೆ ಎತ್ತಿ ಒಲೆಯ ಮೇಲಿಟ್ಟರು. ಖರ್ಚಿಗೆ ಮಂಜೂರಾತಿ ಸಿಕ್ಕಿದ್ದು ಹೀಗೆ.

ಫೆಬ್ರವರಿ, ಯಾವುದು ಬೇಡ ಎಂಬ ಲೆಕ್ಕ

ಸಲಹೆಗಳಿಗೆ ಬರವಿರಲಿಲ್ಲ. ಸ್ವಚ್ಛ ಭಾರತ ಅಭಿಯಾನದವರು ಹೇಳುವ ಎರಡು ಗುಂಡಿಯ ವ್ಯವಸ್ಥೆ ಅಗ್ಗ, ಸರಳ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವುದು, ಮೊದಲನೆಯದು ವರ್ಷಕ್ಕೂ ಮಿಕ್ಕಿ ಒಣಗಿ ಗೊಬ್ಬರವಾಗುವುದು. ಬಯಲುಸೀಮೆಯಾಗಿದ್ದರೆ ಎರಡನೇ ಯೋಚನೆ ಮಾಡುತ್ತಿರಲಿಲ್ಲ. ಆದರೆ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಸಾಕಷ್ಟು ಒಣ ಮಣ್ಣು ಇದ್ದರೆ ಮಾತ್ರ ಅದು ಕ್ಷೇಮ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಬಾವಿಯ ನೀರನ್ನು ಬಗ್ಗಿ ತಂಬಿಗೆಯಿಂದ ಮೊಗೆಯಬಹುದು. ಒಣ ಮಣ್ಣೆಲ್ಲಿ?

ಶಿರಸಿಯಲ್ಲಿರುವ ನೆಂಟರೊಬ್ಬರು ಪ್ಲಾಸ್ಟಿಕ್ ಟ್ಯಾಂಕು ತಂದು ಹೂಳಿಬಿಡು, ಒಂದೇ ದಿನದ ಕೆಲಸ ಎಂದರು. ಹಗುರ ಟ್ಯಾಂಕಿನ ಸುತ್ತ ನೀರು ಏರಿದರೆ ಅದು ದೋಣಿಯ ಹಾಗೆ ಮೇಲೇಳಲು ನೋಡುತ್ತದೆ. ಕೆಳಗೆ ಕಾಂಕ್ರೀಟ್ ಹಾಕಿ ಕಟ್ಟಿ ಹಿಡಿಯಬೇಕು. ಅಷ್ಟೆಲ್ಲ ಮಾಡುವ ಬದಲು ಇಟ್ಟಿಗೆಯದೇ ಇರಲಿ ಎಂದುಕೊಂಡೆ.

ಭಾರತೀಯ ಮಾನಕ ಸಂಸ್ಥೆಯ ಸೆಪ್ಟಿಕ್ ಟ್ಯಾಂಕಿನ ಸಂಹಿತೆ ಐಎಸ್ 2470. ಎರಡು ಭಾಗ: ಮೊದಲನೆಯದು ಟ್ಯಾಂಕಿನದು, ಎರಡನೆಯದು ಟ್ಯಾಂಕಿನಿಂದ ಹೊರಬಂದ ನೀರನ್ನು ಏನು ಮಾಡಬೇಕೆಂಬುದರದು. ಊರಿನಲ್ಲಿ ಚರ್ಚೆಯಾಗುವುದೆಲ್ಲ ಮೊದಲ ಭಾಗವೇ. ಎಷ್ಟಡಿ, ಎಷ್ಟು ಚೀಲ ಸಿಮೆಂಟು, ಎಷ್ಟು ವರ್ಷಕ್ಕೆ ತುಂಬುತ್ತದೆ. ಆದರೆ ಟ್ಯಾಂಕು ಮಾಡುವುದು ಅರ್ಧ ಕೆಲಸ. ಗಟ್ಟಿ ತಳಕ್ಕಿಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹರಿಯುತ್ತದೆ. ಆ ನೀರು ನೋಡಲು ತಿಳಿಯಾದರೂ ರೋಗಾಣುಗಳು ಹಾಗೆಯೇ ಇರುತ್ತವೆ. ಅದನ್ನು ಶುದ್ಧ ಮಾಡುವುದು ಮುಂದಿನ ಮಣ್ಣು. ನಮ್ಮಂಥ ಮಳೆನಾಡಿನಲ್ಲಿ ಸೋಲುವುದೂ ಅಲ್ಲಿಯೇ. ನನ್ನ ದುಡ್ಡಿನಲ್ಲಿ ಹೆಚ್ಚು ಪಾಲು ಟ್ಯಾಂಕಿಗಲ್ಲ, ಮಣ್ಣಿಗೆ ಹೋಗಬೇಕೆಂದು ಅಂದೇ ತೀರ್ಮಾನಿಸಿದೆ.

ಅದೇ ತಿಂಗಳು, ಮಣ್ಣು ಕೇಳಿದ್ದು

ಟ್ಯಾಂಕಿನಿಂದ ಹೊರಬಂದ ನೀರು ಇಂಗುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರವಿರಬೇಕು ಎಂಬುದು ಸಂಹಿತೆಯ ಮಾತು. ಹಿತ್ತಿಲಿನ ಧರೆಯ ಕೆಳಗೆ ಒಂದು ಜಾಗ, ಮನೆಯ ದಕ್ಷಿಣದ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಇನ್ನೊಂದು ಜಾಗ ಗುರುತು ಮಾಡಿದೆ. ಸೊಪ್ಪಿನಬೆಟ್ಟ ವಿಶಾಲವಾಗಿಯೇ ಇದೆ, ಆದರೆ ಅದು ನಮ್ಮದಲ್ಲ. ಸೊಪ್ಪು, ದರಕಿನ (ಒಣಗಿದ ಎಲೆಯ) ಹಕ್ಕಷ್ಟೇ ನಮ್ಮದು. ಅಲ್ಲಿ ಗುದ್ದಲಿ ಹಾಕುವ ಮಾತಿಲ್ಲ.

ಪರೀಕ್ಷೆ ಬಲು ಸುಲಭದ್ದು. ಇಂಗುಗಾಲುವೆ (ನೀರು ಇಂಗಲು ಜಲ್ಲಿ ತುಂಬಿದ ಕಾಲುವೆ) ಬರುವ ಆಳದವರೆಗೆ ಒಂದಡಿ ಅಗಲದ ಕುಣಿ, ಬದಿಗಳನ್ನು ಕತ್ತಿಯ ಮೊನೆಯಿಂದ ಕೆರೆದು ಒರಟು ಮಾಡುವುದು, ತಳಕ್ಕೆ ಎರಡಿಂಚು ದಪ್ಪ ಮರಳು. ನೀರು ತುಂಬಿಸಿ ಇಡೀ ರಾತ್ರಿ ಬಿಟ್ಟು ಮಣ್ಣಿನ ದಾಹ ತೀರಿಸಬೇಕು. ಮಾರನೆಯ ದಿನ ಮತ್ತೆ ತುಂಬಿಸಿ, ಗೀಟು ಹಾಕಿದ ಬಿದಿರಿನ ದಬ್ಬೆ ನೆಟ್ಟು, 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನೋಡುವುದು. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿಯೂ ಆಗುತ್ತದೆ, ಇಂಗುಗಾಲುವೆಯೂ ಆಗುತ್ತದೆ. 30ರಿಂದ 60 ನಿಮಿಷವಾದರೆ ಕಾಲುವೆ ಮಾತ್ರ. ಅದಕ್ಕೂ ಮೇಲಾದರೆ ಆ ಮಣ್ಣನ್ನು ನಂಬಬಾರದು.

ಹಿತ್ತಿಲಿನ ಕುಣಿಯಲ್ಲಿ ಎರಡಡಿಗೇ ಶೇಡಿ, ಬಿಳಿಯ ಜೇಡಿಮಣ್ಣು, ಸಿಕ್ಕಿತು. ಗೋಡೆಗೆ ಬಳಿಯಲು, ಚಿತ್ತಾರ ಬರೆಯಲು ಚಂದದ ಮಣ್ಣು, ನೀರು ಇಂಗಿಸಲು ಮಾತ್ರ ಶುದ್ಧ ನಿರುಪಯೋಗಿ. ನಾನು ಊಟ ಮಾಡಿ ಎಲೆ ಅಡಿಕೆ ಹಾಕಿ ಬಂದರೂ ನೀರು ಗೀಟು ಬಿಟ್ಟು ಕದಲಿರಲಿಲ್ಲ. ಬ್ಯಾಣದ ಕುಣಿಯಲ್ಲಿ ಹರಳು ಬೆರೆತ ಕೆಂಪು ಮಣ್ಣು; ಹದಿನೈದು ನಿಮಿಷದ ಆಸುಪಾಸಿನಲ್ಲಿ ಗೀಟು ದಾಟಿತು.

ಆದರೆ ಇದು ಫೆಬ್ರವರಿಯ ಉತ್ತರ. ಆರಿದ್ರಾ, ಪುನರ್ವಸು ಮಳೆಯಲ್ಲಿ ಅದೇ ಮಣ್ಣು ಏನು ಹೇಳುತ್ತದೆ? ಇದಕ್ಕೆ ಯಾವ ದಬ್ಬೆಯೂ ಸಾಲದು, ಅಪ್ಪಯ್ಯನನ್ನೇ ಕರೆದುಕೊಂಡು ಹೋದೆ. ಕೋಲಿನಿಂದ ತೋರಿಸಿದರು: ‘ಈ ಮುರುಗಲು ಮರದಿಂದ ಕೆಳಗೆ ಒರತೆ ಏಳುತ್ತದೆ. ಮೇಲೆ ಏಳುವುದಿಲ್ಲ, ಆದರೆ ಕಂಬ ನೆಡಲು ಗುಂಡಿ ತೆಗೆದರೆ ಮೂರಡಿಗೆ ನೀರು.’

ಅಂದರೆ ಆಳದ ಇಂಗುಗುಂಡಿ ಇಲ್ಲಿಯೂ ಆಗದು. ಮಳೆಗಾಲದಲ್ಲಿ ಅದು ಬಾವಿಯ ತಮ್ಮನಾಗಿ ಕೂತುಬಿಡುತ್ತದೆ. ಅಂತರ್ಜಲ ನೆಲಮಟ್ಟದಿಂದ 1.8 ಮೀಟರಿನೊಳಗೆ ಬರುವ ಕಡೆ, ಮಣ್ಣು ನೀರು ಬಿಡುವಂಥದಾಗಿದ್ದರೆ, ಇಂಗುಗಾಲುವೆಯನ್ನು ಭಾಗಶಃ ಅಥವಾ ಪೂರ್ತಿ ನೆಲದಿಂದ ಮೇಲೆ, ದಿಬ್ಬ ಕಟ್ಟಿ ಮಾಡಿ ಎನ್ನುತ್ತದೆ ಸಂಹಿತೆ. ಇದನ್ನು ಮೇಸ್ತ್ರಿಗೆ ಹೇಳಿದಾಗ ನಕ್ಕರು. ‘ಹೆಗಡೆಯವರೆ, ಹೊಲಸು ನೀರನ್ನು ಯಾರಾದರೂ ದಿಬ್ಬ ಹತ್ತಿಸುತ್ತಾರೆಯೇ?’ ತೋಟದ ಕಡೆ ಕೈ ತೋರಿಸಿ, ಅಡಿಕೆ ಮರವನ್ನು ನಾವು ತಗ್ಗಿನಲ್ಲಿ ನೆಡುತ್ತೇವೆಯೇ ಎಂದು ಕೇಳಿದೆ. ಮರ ನೆಡುವ ಏರು, ಅಂದರೆ ಬರಣ, ಎತ್ತರ; ನಡುವೆ ನೀರು ಬಸಿಯುವ ಕಾಲುವೆ, ಅದಕ್ಕೆ ಕಪ್ಪು ಎನ್ನುತ್ತೇವೆ. ಬೇರು ನೀರಿನಲ್ಲಿ ಕೊಳೆಯಬಾರದೆಂದು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದೇ ಅಲ್ಲವೇ? ಇದೂ ಒಂದು ಬರಣ, ಅಡಿಕೆ ಮರವಿಲ್ಲದ್ದು. ಮೇಸ್ತ್ರಿ ಆಮೇಲೆ ವಾದ ಮಾಡಲಿಲ್ಲ. ಮನೆಯೇ ಎತ್ತರದಲ್ಲಿರುವುದರಿಂದ ಟ್ಯಾಂಕಿನ ಹೊರಬಾಯಿ ಈ ದಿಬ್ಬಕ್ಕಿಂತ ಮೇಲೆಯೇ ಇರುತ್ತದೆ, ಪಂಪಿನ ಗೊಡವೆಯಿಲ್ಲ.

ಕೆಳಗಿನ ಮನೆಯ ಭಾವ ಸುದ್ದಿ ಕೇಳಿ ಬಂದರು. ಅವರ ಬಾವಿ ನಮ್ಮ ಬ್ಯಾಣದ ಕೆಳಗಿದೆ. ‘ಏನು ಭಾವ, ನಿಮ್ಮ ಬಾವಿ ಚೊಕ್ಕಟ ಮಾಡಿ ನಮ್ಮದಕ್ಕೆ ಇಳಿಸುವ ಯೋಜನೆಯೇ?’ ಎಂದದ್ದು ನಗುತ್ತಲೇ, ಆದರೆ ನ್ಯಾಯವಾದ ಪ್ರಶ್ನೆ. ಇಬ್ಬರೂ ಟೇಪು ಹಿಡಿದು ಅಳೆದೆವು. 60 ಮೀಟರಿಗೂ ಹೆಚ್ಚು. ಅವರ ಎದುರಿಗೇ ಗೂಟ ಹೊಡೆದೆ.

ಮಾರ್ಚ್

ಜೇಸಿಬಿ ಅರ್ಧ ದಿನದಲ್ಲಿ ಟ್ಯಾಂಕಿನ ಹೊಂಡ ತೆಗೆಯಿತು. ಟ್ಯಾಂಕಿನ ಜಾಗದಲ್ಲಿಯೂ ಶೇಡಿಯೇ. ಇಲ್ಲಿ ಚಿಂತೆಯಿಲ್ಲ, ಟ್ಯಾಂಕು ಒಂದು ಹನಿಯನ್ನೂ ಬಿಡಬಾರದು ತಾನೆ.

ಅಳತೆಯ ಜಗಳ ಒಂದು ಬೆಳಗು ನಡೆಯಿತು. ಮೇಸ್ತ್ರಿಗೆ ಹತ್ತಡಿ ಉದ್ದ ಎಂಟಡಿ ಅಗಲ ಬೇಕು, ‘ಮೊಮ್ಮಕ್ಕಳ ಕಾಲಕ್ಕೂ ತೆರೆಯುವುದು ಬೇಡ.’ ತೆರೆಯುವುದು ಬೇಡ ಎಂಬ ಆಸೆಯೇ ಈ ವಿಷಯದ ಮೂಲ ರೋಗ. ಸಂಹಿತೆಯ ಪಟ್ಟಿಯಲ್ಲಿ ಹತ್ತು ಜನಕ್ಕೆ, ಎರಡು ವರ್ಷಕ್ಕೊಮ್ಮೆ ಕೆಸರು ತೆಗೆಯುವುದಾದರೆ, ಒಳ ಅಳತೆ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, ನೀರಿನ ಆಳ 1.4 ಮೀಟರ್. ಅಂದರೆ ಸುಮಾರು 2,500 ಲೀಟರ್. ನೀರಿನ ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ ಬೇರೆ. ಮನೆಯಲ್ಲಿ ನಾವು ಆರು ಜನ. ತಿಥಿ, ಚೌತಿಗೆ ಮನೆ ತುಂಬುತ್ತದೆ, ಆದರೆ ಅದು ಎರಡು ದಿನದ ಮಾತು. ಇದೇ ಅಳತೆ ಗಟ್ಟಿಯಾಯಿತು. 2,000 ಲೀಟರ್ ಮೀರಿದ್ದರಿಂದ ಅಡ್ಡಗೋಡೆ ಬೇಕು: ಮೊದಲ ಕೋಣೆಗೆ ಮೂರರಲ್ಲಿ ಎರಡು ಪಾಲು, ಎರಡನೆಯದಕ್ಕೆ ಒಂದು. ಅಡ್ಡಗೋಡೆಯ ಕಿಂಡಿ ನೀರಿನ ನಡು ಆಳದಲ್ಲಿ, ಮೇಲಿನ ಕೆನೆಯೂ ತಳದ ಕೆಸರೂ ದಾಟದ ಹಾಗೆ.

ಬಚ್ಚಲ ನೀರನ್ನು ಇದಕ್ಕೆ ಸೇರಿಸಿಲ್ಲ. ಅದು ಮೊದಲಿನಿಂದಲೂ ಬಾಳೆ, ಕೆಸುವಿನ ಬುಡಕ್ಕೆ ಹೋಗುತ್ತಿದೆ, ಅಲ್ಲಿಯೇ ಹೋಗಲಿ. ಹಂಡೆಗಟ್ಟಲೆ ಬಿಸಿನೀರು ಹೊಯ್ದುಕೊಳ್ಳುವ ನಮ್ಮ ಬಚ್ಚಲನ್ನು ಟ್ಯಾಂಕಿಗೆ ತಿರುಗಿಸಿದರೆ ಕೆಸರು ತಳಕ್ಕೆ ಕೂರಲು ಪುರುಸೊತ್ತೇ ಸಿಗದು.

ಯುಗಾದಿಯ ಆಚೆ ಈಚೆ

ತಳಕ್ಕೆ ಆರಿಂಚು ಕಾಂಕ್ರೀಟ್, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಒಳಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಿಲಾಯಿ. ಇದೆಲ್ಲ ಬೇಗ ಮುಗಿಯಿತು, ಬರೆಯುವಂಥದ್ದಿಲ್ಲ.

ಬರೆಯಬೇಕಾದ್ದು ಪೈಪಿನ ಮಟ್ಟದ ವಿಷಯ. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ 5 ಸೆಂಟಿಮೀಟರ್ ತಗ್ಗಿರಬೇಕು. ಮೇಸ್ತ್ರಿ ಪಾರದರ್ಶಕ ಕೊಳವೆಗೆ ನೀರು ತುಂಬಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಟ್ಯಾಂಕಿನ ಆಚೆ ಬದಿಗೆ ಹೋದರು. ನೀರು ಎರಡೂ ಕಡೆ ತುಯ್ದು ತುಯ್ದು ನಿಂತ ಮೇಲೆ ಪೆನ್ಸಿಲ್ ಗೆರೆ. ಗೆರೆ ತಾಳೆಯಾಗಲಿಲ್ಲ. ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ನಡುವೆ ಒಂದು ಗಾಳಿಗುಳ್ಳೆ, ಅಕ್ಕಿಕಾಳಿನಷ್ಟು ಉದ್ದ. ಬೆರಳಿನಿಂದ ತಟ್ಟುತ್ತ ಅದನ್ನು ತುದಿಯವರೆಗೆ ನಡೆಸಿಕೊಂಡು ಹೋಗಿ ಹೊರಹಾಕಿದ ಮೇಲೆಯೇ ಅವರು ಮತ್ತೆ ಗೆರೆ ಎಳೆದದ್ದು. ಎರಡೂ ಬಾಯಿಗೆ ಟಿ ಆಕಾರದ ಜೋಡಣೆ, ಕೆಳಗಿನ ಕಾಲು ನೀರಿನ ಮಟ್ಟದಿಂದ ಒಂದಡಿ ಆಳಕ್ಕೆ. ಶೌಚಾಲಯದಿಂದ ಬರುವ ನಾಲ್ಕಿಂಚಿನ ಪೈಪಿಗೆ ಹತ್ತಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು.

ಚಪ್ಪಡಿ ಮುಚ್ಚುವ ಮೊದಲು ಟ್ಯಾಂಕು ತುಂಬಿಸಿ ಗುರುತು ಹಾಕಿದೆವು. ಮೊದಲ ದಿನ ಇಟ್ಟಿಗೆ ಕುಡಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೇ ದಿನವೂ ಇಳಿಯಿತು. ಹೊರಬಾಯಿಯ ಪೈಪಿನ ಸುತ್ತ ಗೋಡೆಯ ಹೊರಗೆ ಬೆವರಿದ ಹಾಗೆ ತೇವ. ಕೊರೆದು, ಒರಟು ಮಾಡಿ, ಮತ್ತೆ ಗಾರೆ ತುಂಬಿದರು. ಆಮೇಲೆ ನೀರು ಗೆರೆಯಲ್ಲಿಯೇ ನಿಂತಿತು. ಹೊರಬದಿಗೆ ಮಣ್ಣು ಮುಚ್ಚಲು ಅವಸರ ಮಾಡದಿದ್ದದ್ದು ಒಳ್ಳೆಯದಾಯಿತು.

ಏಪ್ರಿಲ್, ಬರಣ

ನನಗೆ ಖುಷಿ ಕೊಟ್ಟ ಕೆಲಸ ಇದು. ಮೇಲಿನಿಂದ ಹರಿದು ಬರುವ ಮಳೆನೀರನ್ನು ತಪ್ಪಿಸಲು ಮೊದಲು ಮೇಲ್ಬದಿಗೆ ಬಸಿಗಾಲುವೆ ಕಡಿಸಿದೆ. ಅದರ ಕೆಳಗೆ, ಮುರುಗಲು ಮರಕ್ಕಿಂತ ಸಾಕಷ್ಟು ಮೇಲೆ, ಇಳಿಜಾರಿಗೆ ಅಡ್ಡಲಾಗಿ ಎರಡು ಕಾಲುವೆ, ನಡುವೆ 2 ಮೀಟರ್ ಅಂತರ, ತಲಾ 8 ಮೀಟರ್ ಉದ್ದ, ಎರಡಡಿ ಅಗಲ. ನೆಲದೊಳಗೆ ಒಂದೇ ಅಡಿ, ಉಳಿದದ್ದು ಮೇಲೆ. ತಳವನ್ನು ಯಾರೂ ತುಳಿಯದ ಹಾಗೆ ನೋಡಿಕೊಂಡೆ. ತುಳಿದರೆ ಮಣ್ಣಿನ ರಂಧ್ರ ಮುಚ್ಚಿಹೋಗುತ್ತದೆ. ತೊಳೆದ ಜಲ್ಲಿ, ಅದರ ಮೇಲೆ ತೂತು ಕೊರೆದ ಪೈಪು, ಮತ್ತೆ ಜಲ್ಲಿ, ಅದರ ಮೇಲೆ ಮಣ್ಣು ತಡೆದು ನೀರು ಮಾತ್ರ ಬಿಡುವ ದಪ್ಪ ಬಟ್ಟೆ, ಕೊನೆಗೆ ಬ್ಯಾಣದ್ದೇ ಮೇಲ್ಮಣ್ಣು, ಬೆನ್ನು ಉಬ್ಬಿದ ಹಾಗೆ. ಜಲ್ಲಿಯ ಬೆಲೆಗಿಂತ ಅದನ್ನು ನಮ್ಮ ರಸ್ತೆಯಲ್ಲಿ ತಂದ ಬಾಡಿಗೆಯೇ ಭಾರವಾಯಿತು.

ಎರಡು ಕಾಲುವೆಗೂ ನೀರು ಸಮನಾಗಿ ಹೋಗಲು ಒಂದು ಹಂಚಿಕೆಯ ಪೆಟ್ಟಿಗೆ. ಪ್ರತಿ ಕಾಲುವೆಯ ತುದಿಯಲ್ಲಿ ಒಳಗಿನ ನೀರು ನೋಡಲು ಮುಚ್ಚಳವಿರುವ ಒಂದು ನಿಲುಪೈಪು. ಇದು ಯಾರೂ ಹೇಳಿದ್ದಲ್ಲ, ನನ್ನ ಕುತೂಹಲಕ್ಕೆ ಹಾಕಿಸಿದ್ದು.

ರೋಹಿಣಿ ಮಳೆಗೆ ಮುಂಚೆ

ಹಳೆಯ ಗುಂಡಿಯನ್ನು ಸಕ್ಕಿಂಗ್ ವಾಹನದವರಿಂದ ಖಾಲಿ ಮಾಡಿಸಿದೆ. ಒಳಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅಲ್ಲಿನ ಅನಿಲ ಉಸಿರು ಕಟ್ಟಿಸುತ್ತದೆ. ಇದನ್ನೆಲ್ಲಿ ಸುರಿಯುತ್ತೀರಿ ಎಂದು ವಾಹನದವನನ್ನು ಕೇಳಿದೆ. ‘ಅದರ ಚಿಂತೆ ನಿಮಗೆ ಬೇಡ’ ಎಂದ. ಚಿಂತೆ ಆದದ್ದೇ ಆಗ. ಮಲತ್ಯಾಜ್ಯ ಸಂಸ್ಕರಿಸುವ ಘಟಕವನ್ನು ದೇವನಹಳ್ಳಿಯಲ್ಲಿ 2015ರಲ್ಲಿಯೇ ಕಟ್ಟಿದ್ದಾರೆ. ಅಂಥದ್ದು ಪ್ರತಿ ತಾಲ್ಲೂಕಿಗೂ ಬರುವವರೆಗೆ ಮನೆಯೊಳಗೆ ನಾವು ಮಾಡುವುದೆಲ್ಲ ಅರೆಬರೆಯೇ. ಖಾಲಿ ಗುಂಡಿಗೆ ಸುಣ್ಣ ಸುರಿದು ಚಿರೆಕಲ್ಲಿನ ಚೂರು, ಮಣ್ಣು ತುಂಬಿದೆವು.

ಹೊಸ ಟ್ಯಾಂಕಿಗೆ ಹೊರಬಾಯಿಯವರೆಗೆ ನೀರು ತುಂಬಿಸಿ, ಗೋಬರ್ ಗ್ಯಾಸಿನ ಹಳೆಯ ಬಗ್ಗಡ ಒಂದು ಬಾಲ್ದಿ ಹೊಯ್ದೆ. ಕೊಳೆಯಿಸುವ ಜೀವಿಗಳಿಗೆ ಅದು ಹೆಪ್ಪು. ಅಂಗಡಿಯ ಪುಡಿಪೊಟ್ಟಣಗಳ ಅಗತ್ಯ ಕಾಣಲಿಲ್ಲ. ಗಾಳಿಕೊಳವೆಯನ್ನು ಮಾಡಿಗಿಂತ 2 ಮೀಟರ್ ಮೇಲಕ್ಕೆ ಒಯ್ದು ಬಾಯಿಗೆ ಸೊಳ್ಳೆಪರದೆ ಕಟ್ಟಿದ್ದಾಯಿತು.

ಆಷಾಢ

ಬಾವಿ ತುಂಬಿದೆ, ಒರತೆ ಎದ್ದಿದೆ, ಅಪ್ಪಯ್ಯ ತೋರಿಸಿದ ಗೆರೆಯಲ್ಲಿಯೇ. ಬಸಿಗಾಲುವೆ ಹಗಲಿರುಳು ಹರಿಯುತ್ತಿದೆ. ನಿಲುಪೈಪಿನೊಳಗೆ ದಬ್ಬೆ ಇಳಿಸಿ ನೋಡಿದೆ: ಮೇಲಿನ ಕಾಲುವೆಯಲ್ಲಿ ತಳ ಒದ್ದೆ ಅಷ್ಟೇ. ಕೆಳಗಿನದರಲ್ಲಿ ಮೂರು ಬೆರಳು ನೀರು, ಎರಡು ದಿನ ಮಳೆ ಬಿಟ್ಟು ಹೊಳವಾದಾಗ ಅದೂ ಇಳಿಯಿತು. ಶೌಚಾಲಯದಲ್ಲಿ ನೀರು ಹೊಯ್ದರೆ ಒಂದೇ ಉಸಿರಿಗೆ ಹೋಗುತ್ತಿದೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ, ಅದರ ವಾಸನೆ ಪೂರ್ತಿ ಹೋದ ಮೇಲೆ ಇಟ್ಟ ಬಾಟಲಿ ಕಪ್ಪಾಗಲಿಲ್ಲ. ಹಳೆಯ ಗುಂಡಿಯ ಸುತ್ತಲಿನ ಮಣ್ಣು ಇನ್ನೂ ತೊಳೆದು ಹೋಗಬೇಕಷ್ಟೆ, ಹಾಗಾಗಿ ಈ ವರ್ಷವಿಡೀ ಕುದಿಸಿಯೇ ಕುಡಿಯುವುದು.

ಬಾಕಿ ಇರುವುದು: ಬರಣದ ಮೇಲೆ ಹುಲ್ಲು ಹತ್ತಿದೆ, ದನ ಏರದ ಹಾಗೆ ಬೇಲಿಯಾಗಬೇಕು. ಆಯಿ ಅಲ್ಲಿ ಸುವರ್ಣಗಡ್ಡೆ ನೆಡುವ ಮಾತೆತ್ತಿದ್ದಾರೆ, ಗಡ್ಡೆ ತರಕಾರಿ ಅಲ್ಲಿ ಸಲ್ಲದು ಎಂದು ಒಪ್ಪಿಸುವುದಿದೆ. ಕೆಸರು ತೆಗೆಸುವುದನ್ನು ಬೇಸಿಗೆಯಲ್ಲಿಯೇ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಖಾಲಿ ಮಾಡಿದರೆ ಸುತ್ತಲಿನ ನೀರು ಟ್ಯಾಂಕನ್ನು ಒತ್ತುತ್ತದೆ. ಪೈಪು ಎಲ್ಲೆಲ್ಲಿ ಹೋಗಿದೆ ಎಂಬ ನಕ್ಷೆಯನ್ನು ಕೊಟ್ಟಿಗೆಯ ಗೋಡೆಗೆ ಬಣ್ಣದಲ್ಲಿ ಬರೆಸುವುದು ದೀಪಾವಳಿಯೊಳಗೆ ಆಗಬೇಕು. ಕೆಳಗಿನ ಮನೆಯ ಭಾವ ತಮ್ಮ ಹಿತ್ತಿಲಿನಲ್ಲಿ ಕುಣಿ ತೆಗೆಸಿ ನೀರು ತುಂಬಿಸಿದ್ದಾರಂತೆ, ಬಿದಿರಿನ ದಬ್ಬೆ ತೆಗೆದುಕೊಂಡು ಬರಬೇಕೆಂದು ಹೇಳಿ ಕಳಿಸಿದ್ದಾರೆ. ಮಳೆಗಾಲದ ಅಳತೆ ಸಿಗುವುದು ಈಗಲೇ, ನಾಳೆ ಬೆಳಿಗ್ಗೆ ಹೋಗುತ್ತೇನೆ.